ಬಾಯಿಲ್ಲದ ಊಟ

ನವೆಂಬರ್ 4, 2024, ಸೋಮವಾರ

ಮಾತು ಬಾರದವನು ಬರೆಯಲಿ ಎಂದು ಮಗಳು ಭೂಮಿಕ ಈ ಪುಸ್ತಕ ತಂದುಕೊಟ್ಟಿದ್ದಾಳೆ. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಯಾರ ಕೈಗೆ ನೋಟ್‌ಬುಕ್ಕು ಕೊಟ್ಟರೂ ಬುದ್ಧಿ ಬರುತ್ತದೆ ಎಂದು ನಂಬಿದ್ದಾಳೆ. ಐವತ್ತೊಂಬತ್ತು ವರ್ಷ ಬಾರದ ಬುದ್ಧಿ ಇನ್ನೆಲ್ಲಿಂದ ಬರಬೇಕು?

ಆಪರೇಷನ್ ಆಗಿ ಹದಿನೆಂಟು ದಿನವಾಯಿತು. ನನ್ನ ಬಲಗೆನ್ನೆಯ ಒಳಭಾಗ, ದವಡೆಯ ಒಂದು ತುಂಡು, ನಾಲ್ಕು ಹಲ್ಲು ಮೈಸೂರಿನ ಆಸ್ಪತ್ರೆಯಲ್ಲೇ ಉಳಿದವು. ನಲವತ್ತು ವರ್ಷ ಹೊಗೆಸೊಪ್ಪು ಇಟ್ಟುಕೊಂಡಿದ್ದು ಅದೇ ಕೆನ್ನೆಯಲ್ಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ನನಗೆ ಆ ನೀರೂ ಮೂಗಿನಿಂದಲೇ. ಮೂಗಿಗೊಂದು ಪೈಪು ಹಾಕಿ ಹೊಟ್ಟೆಯವರೆಗೆ ಇಳಿಸಿದ್ದಾರೆ. ಸೋಸಿದ ರಾಗಿ ಗಂಜಿ, ಹಾಲು, ಮೊಟ್ಟೆ, ಆಸ್ಪತ್ರೆಯ ಪುಡಿ, ಎಲ್ಲವನ್ನೂ ದೊಡ್ಡ ಸಿರಿಂಜಿನಲ್ಲಿ ಅದರೊಳಕ್ಕೆ ಬಿಡಬೇಕು. ದಿನಕ್ಕೆ ಹತ್ತು ಲೋಟ.

ಹದಿನೆಂಟನೇ ತಾರೀಕಿನಿಂದ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಾರಂತೆ, ಮೂವತ್ತು ಸಲ. ಇವತ್ತು ತೂಕ ನಲವತ್ತೊಂಬತ್ತು ಕೆ.ಜಿ. ನಲವತ್ತೈದಕ್ಕಿಂತ ಕೆಳಗಿಳಿದರೆ ಮೈ ತಡೆಯುವುದಿಲ್ಲ, ಕರೆಂಟು ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಹುಣ್ಣು ಮತ್ತೆ ಬರುತ್ತದೆ ಎಂದು ಡಾಕ್ಟರು ನನ್ನ ಹೆಂಡತಿ ಪುಟ್ಟಲಕ್ಷ್ಮಮ್ಮನಿಗೆ ಹೇಳಿದರು. ಮಾತು ಹೋದವನಿಗೆ ಕಿವಿಯೂ ಹೋಗಿರುತ್ತದೆ ಎಂದು ಆಸ್ಪತ್ರೆಯವರೆಲ್ಲ ತಿಳಿದಿದ್ದಾರೆ.

ನವೆಂಬರ್ 7, ಗುರುವಾರ

ಅವರೆಕಾಯಿ ಕಾಲ ಶುರುವಾಗಿದೆ. ಗಂಜಾಂನ ನಮ್ಮ ಬೀದಿಯಲ್ಲಿ ಮನೆಮನೆಯಿಂದಲೂ ಸಾರಿನ ವಾಸನೆ. ನಿಮಿಷಾಂಬ ದೇವಸ್ಥಾನಕ್ಕೆ ಹೋಗುವವರು ಕೂಡ ಮೂಗು ಅರಳಿಸಿಕೊಂಡು ಹೋಗುತ್ತಾರೆ. ನನ್ನ ಮೂಗಿನ ಒಂದು ಹೊಳ್ಳೆಯಲ್ಲಿ ಪೈಪಿದೆ, ಇನ್ನೊಂದು ಹೊಳ್ಳೆ ವಾಸನೆ ಹಿಡಿದು ಜೀವ ತಿನ್ನುತ್ತದೆ.

ಸಿರಿಂಜು ಹಿಡಿಯಲು ಪುಟ್ಟಲಕ್ಷ್ಮಿ ಬಂದಳು. ಬೇಡವೆಂದೆ. ಮಗುವಿಗೆ ಹಾಲು ಕುಡಿಸಿದ ಹಾಗೆ ಹೆಂಡತಿ ಕೈಲಿ ಕುಡಿಸಿಕೊಳ್ಳುವ ಗತಿ ನನಗೆ ಬಂದಿಲ್ಲ. ಲೋಟ ಹಿಡಿದುಕೊಂಡು ಮನೆ ಮುಂದಿನ ನನ್ನ ಮರಗೆಲಸದ ಅಂಗಡಿಗೆ ಹೋಗುತ್ತೇನೆ, ಬಾಗಿಲು ಹಾಕಿಕೊಳ್ಳುತ್ತೇನೆ. ನಾನು ಬಿಟ್ಟುಕೊಳ್ಳುವುದನ್ನು ಯಾರೂ ನೋಡಬಾರದು.

ಒಂದು ವಿಷಯ. ನಾನು ಉಂಡೆದ್ದ ತಟ್ಟೆಯಲ್ಲೇ ಅವಳು ಬಡಿಸಿಕೊಂಡು ಉಣ್ಣುವುದು ನಮ್ಮ ಮನೆಯ ಪದ್ಧತಿ. ನನ್ನವ್ವನೂ ಹಾಗೇ ಮಾಡುತ್ತಿದ್ದಳು. ಈಗ ತಟ್ಟೆಯೇ ಇಲ್ಲ. ನನ್ನ ಲೋಟ ಒಳಗೆ ಹೋದ ಮೇಲೆ ಉಣ್ಣುತ್ತಾಳೇನೋ, ನಾನು ವಿಚಾರಿಸಿಲ್ಲ.

ಇವತ್ತು ಸಂಜೆಯ ಲೋಟ ಒಳಗೆ ಹೋಗಲಿಲ್ಲ. ಹೊಟ್ಟೆ ಉಬ್ಬಿತ್ತು, ಅದಕ್ಕಿಂತ ಹೆಚ್ಚಾಗಿ ಮನಸ್ಸಿರಲಿಲ್ಲ. ಅಂಗಡಿಯ ಹಿಂದಿನ ಕರಿಬೇವಿನ ಗಿಡಕ್ಕೆ ಸುರಿದೆ. ಅದಾದರೂ ದಪ್ಪಗಾಗಲಿ.

ನವೆಂಬರ್ 10, ಭಾನುವಾರ

ಡಿಸೆಂಬರಿನಲ್ಲಿ ಭೂಮಿಕಳ ಸ್ಕೂಲಲ್ಲಿ ವಿಜ್ಞಾನ ವಸ್ತುಪ್ರದರ್ಶನವಂತೆ. ಮರದಲ್ಲಿ ಒಂದು ಮಾದರಿ ಮಾಡಿಕೊಡು ಅಂದಳು. ಏನು ಎಂದು ಪ್ಲೈವುಡ್ ಚೂರಿನ ಮೇಲೆ ಬರೆದು ತೋರಿಸಿದೆ. ಈಗ ನನ್ನ ಮಾತೆಲ್ಲ ಪ್ಲೈವುಡ್ಡಿನ ಮೇಲೆ, ಅಳಿಸಲು ಉಪ್ಪುಕಾಗದ. ಸ್ಪಂಜು ಅಂದಳು. ಪಾತ್ರೆ ತೊಳೆಯುವುದನ್ನು ಮರದಲ್ಲಿ ಮಾಡಿದರೆ ಯಾರು ತೊಳೆಯುತ್ತಾರೆ ಎಂದು ಬರೆದೆ. ಅದಲ್ಲವಂತೆ. ಸಮುದ್ರದಲ್ಲಿ ಹವಳದ ದಿಬ್ಬಗಳಿರುತ್ತವೆ, ಅಲ್ಲಿ ಕಲ್ಲಿಗೆ ಕಚ್ಚಿಕೊಂಡಿರುವ ಪ್ರಾಣಿಯಂತೆ. ಎಂ.ಎಸ್ಸಿ. ಓದುವಾಗ ಆರು ತಿಂಗಳು ರಾಮೇಶ್ವರದ ಹತ್ತಿರದ ಮಂಡಪಂ ಕಡಲಲ್ಲಿ ಮುಳುಗಿ ಮುಳುಗಿ ಅದನ್ನೇ ನೋಡಿದ್ದಳು. ಆಗ ನಾನು ಮಗಳಿಗೆ ಮುತ್ತು ಹವಳ ಸಿಗುತ್ತದೇನೋ ಅಂದುಕೊಂಡಿದ್ದೆ.

ಫೋನಿನಲ್ಲಿ ಚಿತ್ರ ತೋರಿಸಿದಳು. ಹಳದಿ ಬಣ್ಣ, ಪೀಪಾಯಿಯ ಆಕಾರ. ಇದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಕರುಳಿಲ್ಲ, ಮೈಯಲ್ಲಿರುವ ತೂತುಗಳಿಂದಲೇ ಊಟ ಎಂದಳು.

ಸಿಟ್ಟು ನೆತ್ತಿಗೇರಿತು. ಸಮುದ್ರದಲ್ಲಿ ಇಷ್ಟೊಂದು ಪ್ರಾಣಿ ಇರುವಾಗ ಅಪ್ಪನಿಗೆ ತೋರಿಸಲು ಇವಳಿಗೆ ಬಾಯಿಲ್ಲದ್ದೇ ಸಿಕ್ಕಿತೇ? ಪ್ಲೈವುಡ್ಡನ್ನು ಎಸೆದು ಎದ್ದು ಬಂದೆ. ಅವಳು ಅತ್ತಳೆಂದು ಕಾಣುತ್ತದೆ.

ನವೆಂಬರ್ 12, ಮಂಗಳವಾರ

ಮೂಲೆಯಲ್ಲಿ ಒಂದು ಹಲಸಿನ ದಿಮ್ಮಿಯಿತ್ತು. ಹಳದಿಗೆ ಹಲಸು ಬಿಟ್ಟರೆ ಇನ್ನಾವ ಮರ? ಸುಮ್ಮನೆ ಕೂತು ಸಾಯುವ ಬದಲು ಬಾಚಿ ಉಳಿ ಹಿಡಿದೆ. ಸಂಜೆಗೆ ಪೀಪಾಯಿಯ ಆಕಾರ ಬಂತು, ಮೇಲೆ ದೊಡ್ಡ ಬಾಯಿ ಕೊರೆದೆ. ಊಟ ಒಳಗೆ ಬೀಳಲು ಸಲೀಸಾಗಲೆಂದು ಆಲಿಕೆಯ ಹಾಗೆ ಇಳಿಜಾರು ಕೊಟ್ಟೆ. ಕೆಲಸ ಬಲ್ಲವನ ಬುದ್ಧಿ.

ಭೂಮಿಕ ಬಂದು ನೋಡಿ ನಕ್ಕುಬಿಟ್ಟಳು. "ಅಪ್ಪ, ಮೇಲಿರೋದು ಬಾಯಲ್ಲ ಕಣಪ್ಪ. ಅದು ನೀರು ಆಚೆ ಹೋಗೋ ದಾರಿ. ಒಳಕ್ಕೆ ಬರೋದು ಮೈಮೇಲಿರೋ ಸಣ್ಣಸಣ್ಣ ತೂತಿಂದ."

ಎಲ್ಲ ತಿರುಗುಮುರುಗು. ದೇವರು ಈ ಪ್ರಾಣಿಗೆ ಬಾಗಿಲಿಡುವಾಗ ಯಾವ ಆಚಾರಿಯನ್ನೂ ಕೇಳಿಲ್ಲ. ದಿಮ್ಮಿಯನ್ನು ಎರಡು ಹೋಳು ಮಾಡಿದೆ, ಒಳಗಿನ ಕಾಲುವೆ ತೋಡಬೇಕಲ್ಲ.

ನವೆಂಬರ್ 18, ಸೋಮವಾರ

ಮೊದಲ ಕರೆಂಟು. ಮುಖಕ್ಕೆ ಬಲೆಯ ಮುಖವಾಡ ಹಾಕಿ, ಹಲಗೆಗೆ ಬಿಗಿದು, ಯಂತ್ರದ ಕೆಳಗೆ ಮಲಗಿಸುತ್ತಾರೆ. ಹಲಗೆಗೆ ಅಂಟು ಹಾಕಿ ಬಿಗಿದಿಡುವುದು ನನಗೆ ಹೊಸದಲ್ಲ, ಹಲಗೆಯೇ ನಾನಾಗಿದ್ದು ಹೊಸದು.

ತೂಕ ನಲವತ್ತೇಳೂವರೆ. ಎಷ್ಟು ಲೋಟ ಹೋಗುತ್ತಿದೆ ಎಂದು ಡಾಕ್ಟರು ಕೇಳಿದರು. ಹತ್ತು ಬೆರಳು ತೋರಿಸಿದೆ. ಪುಟ್ಟಲಕ್ಷ್ಮಿ ನನ್ನ ಬೆರಳುಗಳನ್ನೇ ನೋಡಿದಳು. ನಿಜದಲ್ಲಿ ಏಳೇ. ಬಸ್ಸಿನಲ್ಲಿ ಬರುವಾಗ ಮೂಗು ಕಾಣದ ಹಾಗೆ ಟವಲ್ಲು ಸುತ್ತಿಕೊಂಡಿದ್ದೆ.

ನವೆಂಬರ್ 20, ಬುಧವಾರ

ಬರೆಯುವಂಥದ್ದೇನಿಲ್ಲ. ಆರು ಲೋಟ.

ನವೆಂಬರ್ 24, ಭಾನುವಾರ

ಗೆಳೆಯ ಮಂಚಯ್ಯ ಗದ್ದೆಯಿಂದ ನೇರ ಬಂದ. ಉಳಿದವರೆಲ್ಲ ನನ್ನನ್ನು ನೋಡಿದರೆ ಪಿಸುಮಾತಿಗಿಳಿಯುತ್ತಾರೆ. ಇವನೊಬ್ಬನದು ಇನ್ನೂ ಹಳೆಯ ಗಂಟಲೇ. "ಏನ್ಲಾ ಆಚಾರಿ, ತೊಲೆ ಇದ್ದಂಗಿದ್ದೋನು ಅಲ್ಲುಕಡ್ಡಿ ಆಗೋಗಿದ್ದೀಯಲ್ಲಾ" ಅಂದ. ಬಹಳ ದಿನದ ಮೇಲೆ ನಗು ಬಂತು, ಹೊಲಿಗೆ ಎಳೆದು ಕಣ್ಣಲ್ಲಿ ನೀರೂ ಬಂತು.

ಸ್ಪಂಜನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಪ್ರದರ್ಶನದಲ್ಲಿ ಗಾಜಿನ ತೊಟ್ಟಿಯ ನೀರಿನಲ್ಲಿಡುತ್ತಾರೆ, ಆಗ ಬಣ್ಣ ಬಿಡಬಾರದು. ಹಲಸು ನೀರಿಗೆ ಬಿದ್ದರೆ ಅರಿಸಿನ ಕದಡಿದ ಹಾಗೆ ಹಳದಿ ಬಿಡುತ್ತದೆ. ಭೂಮಿಕ ಬಕೆಟ್ಟು ನೋಡಿ ಕುಣಿದಾಡಿದಳು. ಇದನ್ನೇ ಮಕ್ಕಳಿಗೆ ಹೇಗೆ ಹೇಳುವುದೆಂದು ಅವಳಿಗೆ ತಿಳಿದಿರಲಿಲ್ಲವಂತೆ. ಹವಳವೂ ಪಾಚಿಯೂ ಹೀಗೇ ತಮ್ಮ ಸಾರವನ್ನು ನೀರಿಗೆ ಬಿಡುತ್ತಲೇ ಇರುತ್ತವೆ. ಹಲಸಿನದಕ್ಕೆ ಬಣ್ಣವಿದೆ, ಅದಕ್ಕಿಲ್ಲ, ಅಷ್ಟೇ. ಕರಗಿದ್ದನ್ನು ಕಚ್ಚಲು ಬಾರದು, ಹೆಕ್ಕಲು ಬಾರದು. ಮೀನಿಗೆ, ಏಡಿಗೆ ಅದು ಊಟವೇ ಅಲ್ಲ. ಸ್ಪಂಜು ಮಾತ್ರ ಆ ನೀರನ್ನೇ ಎಳೆದುಕೊಂಡು ಅದರಿಂದ ಹೊಟ್ಟೆ ಹೊರೆಯುತ್ತದೆ. ಜೊತೆಗೆ ಕಣ್ಣಿಗೆ ಕಾಣದ ಕ್ರಿಮಿಗಳನ್ನೂ ಸೋಸಿ ತಿನ್ನುತ್ತದೆ.

ಎಳೆದುಕೊಳ್ಳುವುದು ಹೇಗೆ ಎಂದು ಬರೆದೆ. ಒಳಗೆ ಸಾಸಿವೆಗಿಂತ ಸಣ್ಣ ಕೋಣೆಗಳಿವೆ, ಗೋಡೆಯ ಒಂದೊಂದು ಜೀವಕಣಕ್ಕೂ ಚಾವಟಿಯಂಥ ಬಾಲ, ಬಾಲದ ಬುಡಕ್ಕೆ ಜರಡಿಯಂಥ ಕೊರಳಪಟ್ಟಿ. ಲಕ್ಷಾಂತರ ಚಾವಟಿಗಳು ಬೀಸಿ ಬೀಸಿ, ಸ್ಪಂಜಿನ ಮೈಯ ಅಳತೆಯ ಸಾವಿರಾರು ಪಟ್ಟು ನೀರನ್ನು ದಿನವೊಂದಕ್ಕೆ ಹಾಯಿಸುತ್ತವೆ. ಇಷ್ಟೆಲ್ಲ ಕಷ್ಟಪಟ್ಟು ಸಿಗುವುದು ತಿಳಿನೀರಿನಲ್ಲಿ ಕರಗಿದ ಚೂರುಪಾರು. "ಅದಕ್ಕೆ ರುಚಿ ಗೊತ್ತಾಯ್ತದೇನವ್ವ?" ಎಂದು ಮಂಚಯ್ಯ ಕೇಳಿದ. ನಾಲಿಗೆಯೇ ಇಲ್ಲ ಮಾವ ಎಂದಳು. ಅವನು ನನ್ನ ಕಡೆ ನೋಡಿ ಬೇಗ ಗದ್ದೆಯ ಮಾತೆತ್ತಿದ.

ನವೆಂಬರ್ 29, ಶುಕ್ರವಾರ

ಹತ್ತು ಕರೆಂಟು ಮುಗಿಯಿತು. ಬಾಯೆಲ್ಲ ಹುಣ್ಣು, ಎಂಜಲು ಮರದ ಅಂಟಿನ ಹಾಗೆ ಗಟ್ಟಿ. ತೂಕ ನಲವತ್ತಾರು ಕಾಲು. ಇವತ್ತು ಐದು ಲೋಟ ಒಳಗೆ, ಐದು ಗಿಡಕ್ಕೆ. ಸಾಕು ಅನ್ನಿಸುತ್ತದೆ. ಊಟವೆಂದರೆ ತಟ್ಟೆಯ ಮುಂದೆ ಕೂರುವುದು. ಇದು ಕೀಲಿಗೆ ಎಣ್ಣೆ ಬಿಟ್ಟ ಹಾಗೆ.

ಡಿಸೆಂಬರ್ 1, ಭಾನುವಾರ

ಬೈರಿಗೆಯಲ್ಲಿ ತೂತು ಕೊರೆಯುತ್ತಿದ್ದೇನೆ. ನಾನೂರಾಯಿತು. ಪೈಪಿನಿಂದ ಮೂಗಿಗೆ ಕಚಗುಳಿಯಾಗಿ ಸೀನಿದೆ, ಅಂಟುಪಟ್ಟಿ ಕಿತ್ತುಬಂತು. ಸ್ಪಂಜೂ ಸೀನುತ್ತದೆ ಅಪ್ಪ, ತೂತಿಗೆ ಕಸ ಕಟ್ಟಿಕೊಂಡರೆ ಲೋಳೆ ಮಾಡಿ ಹೊರಗೆ ತಳ್ಳುತ್ತದೆ, ಅದನ್ನೂ ತಿನ್ನುವ ಪ್ರಾಣಿಗಳಿವೆ ಎಂದು ಭೂಮಿಕ ಹೇಳಿದಳು. ಅಸಹ್ಯ.

ಮಕ್ಕಳಿಗೆ ಹಂಚಲು ತಾನು ಬರೆದ ಹಾಳೆಯ ಕೊನೆಯ ಭಾಗ ಓದಿದಳು. ಹವಳದ ಸುತ್ತಿನ ನೀರು ತಿಳಿ, ತಿಳಿ ಅಂದರೆ ಬಡ ನೀರು, ಊಟ ಕಡಿಮೆ. ಅಲ್ಲಿ ಅಷ್ಟೊಂದು ಜೀವ ಬದುಕುವುದು ಹೇಗೆ? ಸಂದುಗಳಲ್ಲಿ ಕೂತ ಸ್ಪಂಜು ಕರಗಿದ್ದನ್ನು ಉಂಡು ಹೊಸ ಕಣ ಹುಟ್ಟಿಸುತ್ತದೆ, ಹಳೆಯ ಕಣವನ್ನು ಉದುರಿಸುತ್ತದೆ. ಉದುರಿದ ಪುಡಿ ಬಸವನಹುಳುವಿಗೆ, ಏಡಿಗೆ, ಹುಳುಗಳಿಗೆ ಊಟ. ಅವನ್ನು ದೊಡ್ಡವು ತಿನ್ನುತ್ತವೆ. ಸ್ಪಂಜು ಉಂಡರೆ ಮಾತ್ರ ಅದರ ಬುಡದಲ್ಲಿರುವುದಕ್ಕೆ ಊಟ, ಎಂದು ಬರೆದಿದ್ದಳು.

ಒಳ್ಳೆ ಸಂಸಾರಸ್ಥ ಪ್ರಾಣಿ ಎಂದು ಪ್ಲೈವುಡ್ಡಿನ ಮೇಲೆ ಬರೆದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪುಟ್ಟಲಕ್ಷ್ಮಿ ಒಳಗೆ ಹೋದಳು. ಈಚೆಗೆ ಅವಳ ಬಳೆ ಮೊಣಕೈವರೆಗೂ ಜಾರುತ್ತದೆ. ವಯಸ್ಸಾಯಿತು.

ಡಿಸೆಂಬರ್ 4, ಬುಧವಾರ

ಅಕ್ಷರ ನೆಟ್ಟಗಿಲ್ಲ.

ಬೆಳಿಗ್ಗೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಹತ್ತಲು ಹೋದೆವು. ನನ್ನನ್ನು ಮೊದಲು ಹತ್ತಿಸಿ, ಚೀಲ ಕೊಟ್ಟು, ಮೆಟ್ಟಿಲ ಮೇಲೆ ಕಾಲಿಟ್ಟ ಪುಟ್ಟಲಕ್ಷ್ಮಿ ಹಾಗೇ ಹಿಂದಕ್ಕೆ ಬಿದ್ದಳು. ಕೂಗಬೇಕು, ಕೂಗಲು ಬಾಯಿಲ್ಲ. ಬಸ್ಸಿನ ತಗಡನ್ನು ಎರಡೂ ಕೈಯಲ್ಲಿ ಬಡಿದೆ. ಕಂಡಕ್ಟರು ಇಳಿದ, ಹೂ ಮಾರುವ ಹೆಂಗಸೊಬ್ಬಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಚಿಮುಕಿಸಿದಳು.

ಹತ್ತಿರದ ಕ್ಲಿನಿಕ್ಕಿನಲ್ಲಿ ಡ್ರಿಪ್ಪು ಹಾಕಿದರು. ಕಾಯಿಲೆ ಏನೂ ಇಲ್ಲವಂತೆ. ಹೊಟ್ಟೆಗಿಲ್ಲವಂತೆ. ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ನರ್ಸು ನನ್ನನ್ನು ಕೇಳಿದಳು. ಮೂವತ್ತನಾಲ್ಕು ವರ್ಷ ಜೊತೆಗಿದ್ದವನು, ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ 5, ಗುರುವಾರ

ಇವತ್ತು ಕರೆಂಟಿಗೆ ಭೂಮಿಕ ರಜೆ ಹಾಕಿ ಕರೆದುಕೊಂಡು ಹೋದಳು. ತೂಕ ನಲವತ್ತೈದು, ಆರುನೂರು ಗ್ರಾಂ.

ಮಧ್ಯಾಹ್ನ ಪುಟ್ಟಲಕ್ಷ್ಮಿಯ ಚಾಪೆಯ ಪಕ್ಕ ಕೂತೆ. ಯಾಕೆ ಉಣ್ಣಲಿಲ್ಲ ಎಂದು ಬರೆದು ತೋರಿಸಿದೆ. ಮೊದಲು ಆ ಕಡೆ ತಿರುಗಿಕೊಂಡಳು. ಆಮೇಲೆ ಗೋಡೆಗೆ ಹೇಳುವ ಹಾಗೆ ಹೇಳಿದಳು:

"ಕರಿಬೇವಿನ ಬುಡ್ದಲ್ಲಿ ಇರುವೆ ಮುತ್ಕಂಡಿದ್ ನೋಡ್ದಾಗ್ಲೇ ಗೊತ್ತಾಯ್ತು ಕಣ್ರೀ. ನೀವು ಅರೆಹೊಟ್ಟೇಲಿ ಇರೋವಾಗ ನಾನೆಂಗೆ ತುಂಬ ಉಣ್ಣಲಿ? ನೀವು ಸುರುದಷ್ಟು ನಾನೂ ಬುಟ್ಟೆ."

ಕೇಳಬಾರದಿತ್ತೇ ಎಂದು ಬರೆದೆ.

"ಗಂಡುಸ್ರು, ನಾಚ್ಕೆ ಮಾಡ್ಕಂಡಿದ್ದೀರಿ. ಕೇಳುದ್ರೆ ಆ ಅರ್ಧನೂ ಬುಟ್ಬುಡ್ತೀರಿ ಅಂತ ಭಯ ಆಯ್ತು."

ಅಷ್ಟು ಹೇಳಿ ಸೆರಗು ಮುಖಕ್ಕೆ ಹಾಕಿಕೊಂಡಳು. ನಾನು ಅತ್ತೆ. ಸದ್ದಿಲ್ಲದ ಅಳು ಬಹಳ ಕೆಟ್ಟದು, ಎದೆಯಲ್ಲೇ ಉಳಿಯುತ್ತದೆ.

ನಾನು ಗಿಡಕ್ಕೆ ಸುರಿದದ್ದು ನನ್ನ ಊಟವೆಂದುಕೊಂಡಿದ್ದೆ, ಅವಳದೂ ಆಗಿತ್ತು. ಇದನ್ನು ಬರೆದು ಅವಳಿಗೆ ತೋರಿಸುವ ಧೈರ್ಯವಿಲ್ಲ, ಇಲ್ಲಿ ಬರೆದಿಟ್ಟಿದ್ದೇನೆ.

ಡಿಸೆಂಬರ್ 8, ಭಾನುವಾರ

ಅಂಗಡಿಯ ಕುರ್ಚಿಯನ್ನು ಅಡುಗೆಮನೆಗೆ ತಂದಿಟ್ಟುಕೊಂಡು ಮೂರು ದಿನವಾಯಿತು. ಸಿರಿಂಜು ಈಗ ಪುಟ್ಟಲಕ್ಷ್ಮಿಯ ಕೈಯಲ್ಲಿ. ನಾನು ಬಿಟ್ಟುಕೊಳ್ಳುವಾಗ ದಡದಡನೆ ತಳ್ಳುತ್ತಿದ್ದೆ, ಹೊಟ್ಟೆ ಉಬ್ಬದೆ ಇನ್ನೇನಾಗುತ್ತದೆ? ಅವಳು ಸಿರಿಂಜನ್ನು ಎತ್ತಿ ಹಿಡಿದುಕೊಂಡು ತಾನಾಗಿ ಇಳಿಯಲು ಬಿಡುತ್ತಾಳೆ. ಒಂದು ಲೋಟಕ್ಕೆ ಕಾಲು ಗಂಟೆ.

ಮಧ್ಯಾಹ್ನದ ಲೋಟಕ್ಕೆ ಮಾತ್ರ ಸಿರಿಂಜು ನನ್ನ ಕೈಯಲ್ಲಿ, ಅದಕ್ಕೊಂದು ಕರಾರು ಮಾಡಿದ್ದೇನೆ. ಅವಳು ತಟ್ಟೆಗೆ ಹಾಕಿಕೊಂಡು ನನ್ನೆದುರು ಕೂರಬೇಕು. ಅವಳು ಒಂದು ತುತ್ತು ನುಂಗಿದರೆ ನನಗೆ ಸಿರಿಂಜಿನ ಒಂದು ಗೆರೆ. ಅವಳು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ. ಆಸ್ಪತ್ರೆಯ ಕಟ್ಟಳೆ ಅಂದುಕೊಂಡು ಉಣ್ಣುತ್ತಾಳೆ. ಮೊದಲ ದಿನ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಉಂಡಳು. ಇವತ್ತು ಈ ಕಡೆ ತಿರುಗಿದ್ದಾಳೆ.

ಅವಳು ಉಣ್ಣುವುದನ್ನು ನಾನು ನೋಡಿಯೇ ಇರಲಿಲ್ಲ. ಮುದ್ದೆಯನ್ನು ಚಿಕ್ಕ ಗೋಲಿಯಷ್ಟೇ ಮುರಿಯುತ್ತಾಳೆ. ಅವರೆಕಾಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿಟ್ಟು, ಮುದ್ದೆ ಮುಗಿದ ಮೇಲೆ ಒಂದೊಂದಾಗಿ ತಿನ್ನುತ್ತಾಳೆ, ಮಕ್ಕಳು ಮಾಡುವ ಹಾಗೆ. ಕೊನೆಯ ಕಾಳು ತಿನ್ನುವಾಗ ಕಣ್ಣು ಮುಚ್ಚುತ್ತಾಳೆ. ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಡಿಸೆಂಬರ್ 14, ಶನಿವಾರ

ಪಾಂಡವಪುರದಲ್ಲಿ ಪ್ರದರ್ಶನ. ಇಬ್ಬರೂ ಹೋಗಿದ್ದೆವು. ಹಲಸಿನ ಸ್ಪಂಜನ್ನು ಗಾಜಿನ ತೊಟ್ಟಿಯಲ್ಲಿಟ್ಟು, ಒಳಗೆ ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪು ಕೂರಿಸಿದ್ದೆ. ಹತ್ತು ದಿನ ನೀರು ಬದಲಾಯಿಸಿ ನೆನೆಸಿದ್ದಕ್ಕೆ ಬಣ್ಣ ಬಿಡಲಿಲ್ಲ. ಭೂಮಿಕ ಪಕ್ಕದಲ್ಲಿ ಎರಡು ತೊಟ್ಟು ನೀಲಿ ಶಾಯಿ ಬಿಟ್ಟಳು. ತೂತುಗಳು ಅದನ್ನು ಎಳೆದುಕೊಂಡವು, ಸ್ವಲ್ಪ ಹೊತ್ತಿಗೆ ಮೇಲಿನಿಂದ ಹೊಗೆಯ ಹಾಗೆ ಬಂತು. ಮಕ್ಕಳೆಲ್ಲ ಓ ಎಂದರು. ಬುಡದಲ್ಲಿ ಬೀಟೆಯ ಚೂರಿನಿಂದ ಆರು ಬಸವನಹುಳು, ಎರಡು ಏಡಿ ಮಾಡಿ ಇಟ್ಟಿದ್ದೆ. ಯಾರೂ ಕೇಳಿರಲಿಲ್ಲ, ಚೂರು ಬಿದ್ದಿತ್ತು, ಮಾಡಿದೆ.

ಹನ್ನೆರಡಕ್ಕೆ ನನ್ನ ಲೋಟದ ಹೊತ್ತು. ಮೂಗಿಗೆ ಅದೇನು ತಾತ ಎಂದು ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು. ಅಲ್ಲೇ ಬೆಂಚಿನ ಮೇಲೆ ಕೂತೆ, ಪುಟ್ಟಲಕ್ಷ್ಮಿ ಸಿರಿಂಜು ಎತ್ತಿ ಹಿಡಿದಳು, ಹಾಲು ಇಳಿಯುವುದನ್ನು ಮಕ್ಕಳು ಸುತ್ತ ನಿಂತು ನೋಡಿದರು. ಒಬ್ಬಳು ಅಳತೆ ಗೆರೆಗಳನ್ನು ಎಣಿಸಿದಳು. ಟವಲ್ಲನ್ನು ಬಸ್ಸಿನಲ್ಲೇ ಮರೆತು ಬಂದಿದ್ದೇನೆ, ಹೊಸದು ಕೊಳ್ಳಬೇಕು.

ಎರಡನೇ ಬಹುಮಾನ ಬಂತು. ಮೊದಲನೆಯದು ಯಾವುದೋ ರಾಕೆಟ್ಟಿಗೆ ಹೋಯಿತು, ಹಾರಲಿಲ್ಲ ಅದು.

ಡಿಸೆಂಬರ್ 30, ಸೋಮವಾರ

ಮೂವತ್ತನೇ ಕರೆಂಟು ಮುಗಿಯಿತು. ಡಾಕ್ಟರು ನನ್ನ ಬೆನ್ನು ತಟ್ಟಿ, ಪುಟ್ಟಲಕ್ಷ್ಮಿಗೆ ಕೈಮುಗಿದರು. ತೂಕ ಕೇಳಲು ಮರೆತೆ. ನಲವತ್ತೇಳಂತೆ, ಅವಳು ಹೇಳಿದಳು.

ಜನವರಿ 12, 2025, ಭಾನುವಾರ

ಮೊನ್ನೆ ಪೈಪು ತೆಗೆದರು. ಎರಡು ದಿನ ನೀರು, ಮಜ್ಜಿಗೆ. ಇವತ್ತು ಬಾಯಲ್ಲಿ ಊಟ ಎಂದು ಅಪ್ಪಣೆಯಾಗಿತ್ತು, ಮೆತ್ತಗೆ ಕಿವುಚಿದ ಅನ್ನ, ಹಾಲು.

ಮಧ್ಯಾಹ್ನ ಅಡುಗೆಮನೆಗೆ ಹೋದರೆ ಕುರ್ಚಿ ಇರಲಿಲ್ಲ. ಗೋಡೆಯ ಪಕ್ಕ ನನ್ನ ಮಣೆ, ಮುಂದೆ ನನ್ನ ತಟ್ಟೆ, ಒಂದೇ ತಟ್ಟೆ. ಬೂದಿ ಹಾಕಿ ಉಜ್ಜಿದ್ದಳು, ಫಳಫಳ ಅನ್ನುತ್ತಿತ್ತು. ಬಡಿಸಿ, ಒಲೆಯ ಪಕ್ಕ ಹಿಂದೆ ಸರಿದು ನಿಂತಳು, ಆಪರೇಷನ್ನಿಗೆ ಮುಂಚೆ ನಿಲ್ಲುತ್ತಿದ್ದ ಜಾಗದಲ್ಲಿ. ಭೂಮಿಕ ಬಾಗಿಲಲ್ಲಿ ನಿಂತಿದ್ದಳು. ಇಬ್ಬರ ಮುಖವೂ ಹಬ್ಬದ ಹಾಗಿತ್ತು. ಮೂರು ತಿಂಗಳಿಂದ ನಾನು ಬೇಡಿಕೊಂಡದ್ದು ಇದೇ ಊಟ. ಕೂತೆ. ತುತ್ತು ಕಲಸಿದೆ. ಎತ್ತಲು ಕೈ ಬರಲಿಲ್ಲ.

ಪ್ಲೈವುಡ್ ಚೂರು ತೆಗೆದುಕೊಂಡು, ನೀನೂ ಬಾ ಎಂದು ಬರೆದು ತೋರಿಸಿದೆ. ಕನ್ನಡಕ ಇಲ್ಲ, ಕಾಣುವುದಿಲ್ಲ, ಬಾಯಲ್ಲೇ ಹೇಳಿ ಅಂದಳು. ಕಾಣುತ್ತಿತ್ತು ಅವಳಿಗೆ, ನನಗೆ ಗೊತ್ತು. ದವಡೆ ಒಂದು ಬೆರಳಷ್ಟೇ ತೆರೆಯುತ್ತದೆ, ನಾಲಿಗೆ ಒಂದೇ ಕಡೆ ಹೊರಳುತ್ತದೆ. ಹೇಳಿದೆ. ಆಡಿನ ಮರಿ ಒದರಿದ ಹಾಗಿತ್ತು. ಇನ್ನೊಂದು ಸಲ ಹೇಳಿದೆ.

"ಬಾ. ನನ್ ಜೊತೆ ಕೂತ್ಕೊ. ದಿನಾ."

ಅವಳು ಸೌಟು ಹಿಡಿದುಕೊಂಡೇ ಮುಂದೆ ಬಂದಳು. ಆಮೇಲೆ ಇನ್ನೊಂದು ಮಣೆ ಎಳೆದು, ನನ್ನ ಪಕ್ಕ ಹಾಕಿಕೊಂಡು ಕೂತಳು. ಬೇರೆ ತಟ್ಟೆಗೆ ಬಡಿಸಿಕೊಳ್ಳುತ್ತಾ, ನನ್ನ ಕಡೆ ನೋಡದೆ, ಸಿಟ್ಟಿಲ್ಲದೆ ಹೇಳಿದಳು:

"ಮದ್ವೆ ಆದ್ ವರ್ಸನೇ ಕರ್ದಿದ್ರೆ ಆಗ್ಲೇ ಕೂತ್ಕತಿದ್ದೆ ಕಣ್ರೀ. ನೀವು ಯಾವತ್ತೂ ಕರೀನೇ ಇಲ್ಲ."